ಕರುಣಾಕರ ಮಾಮ ಕಾಲಿಡದ ಚೀನಾ

2007ರ ಮಾರ್ಚ್ ಐದು, ಸೋಮವಾರ. ಆಸ್ಟ್ರೇಲಿಯದ ಡ್ಯಾಂಡಿನಾಂಗ್ ಸ್ಟೇಷನ್ನಿನಲ್ಲಿ ಕಾಲೇಜಿನ ಟ್ರೈನಿಗೆ ಕಾಯುತ್ತಾ ಫೋನಿನಲ್ಲಿ ಗೆಳತಿಗೆ ಮೆಸೇಜು ಕುಟ್ಟುತ್ತಿದ್ದೆ. ಸಿಡ್ನಿಯಿಂದ ಕರುಣಾಕರ ಮಾಮನ ಕಾಲ್ ಬಂತು. ಮಾಮ ಎಂದರೆ ನನ್ನ ಅಮ್ಮನ ತಮ್ಮ. ಸಿಡ್ನಿಯ ಮನೆಯಲ್ಲಿ ಅವರು, ರಾಜೀವಿ ಮಾಮಿ, ಮಗಳು ನಿರೀಕ್ಷಾ. ಚಾಟ್ಸ್‌ವುಡ್‌ನ ಒಂದು ಸೌತ್ ಇಂಡಿಯನ್ ಹೋಟೆಲಿನಲ್ಲಿ ದೋಸೆ ಹಾಕುವ ಕೆಲಸ ಅವರದು. ಕೆಲಸದ ಹೊತ್ತಿನಲ್ಲಿ ಅವರು ಯಾರಿಗೂ ಫೋನ್ ಮಾಡುವವರಲ್ಲ.

"ನಿಶ್ಮಿ, ಇಮಿಗ್ರೇಶನ್‌ನಿಂದ ಕಾಗದ ಬಂದುಂಟು. ನಿರೀಕ್ಷಾ ಓದಿ ಹೇಳಿದ್ಲು. ಚೀನಾದ ಪೊಲೀಸ್ ಸರ್ಟಿಫಿಕೇಟ್ ಬೇಕಂತೆ. ಇಪ್ಪತ್ತೆಂಟು ದಿವಸದ ಒಳಗೆ."

"ಅಷ್ಟೇ ಅಲ್ವಾ? ತರಿಸುವ."

"ಅಷ್ಟೇ ಅಲ್ಲ ಮಾರಾಯ್ತಿ. ಚೀನಾದ್ದು ಯಾಕೆ? ನಾನು ಎಂತ, ಚೀನಾದಲ್ಲಿ ಕದ್ದಿದ್ದೇನಾ?"

"ಅದೆಲ್ಲ ಪ್ರೊಸೀಜರ್ ಮಾಮ. ನಾನು ನೋಡ್ಕೊಳ್ತೇನೆ. ನೀವು ದೋಸೆ ಹಾಕಿ."

ಮಾಮ ನಂಬಿ ಫೋನ್ ಇಟ್ಟರು. ನನ್ನ ಟ್ರೈನ್ ಬಂತು, ಹೋಯಿತು. ನಾನು ಹತ್ತಲಿಲ್ಲ. ಚೀನಾದ್ದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಪ್ರಪಂಚದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಹಿಂದಿನ ನವೆಂಬರಿನಲ್ಲಿ ರಜೆಗೆಂದು ಸಿಡ್ನಿಗೆ ಹೋಗಿದ್ದಾಗ ಮಾಮನ ಪಿಆರ್ ಅರ್ಜಿಯನ್ನು, ಅಂದರೆ ಇಲ್ಲೇ ಖಾಯಂ ಆಗಿ ನೆಲೆಸಲು ಹಾಕುವ ಅರ್ಜಿಯನ್ನು, ತುಂಬಿದ್ದು ನಾನು. ಡಿಸೆಂಬರಿನಲ್ಲಿ ಅವರಿಗೆ ನಲವತ್ತೈದು ತುಂಬುತ್ತಿತ್ತು. ಆಮೇಲೆ ಅರ್ಜಿ ಹಾಕುವ ಹಾಗೇ ಇರಲಿಲ್ಲ. ಹೋಟೆಲಿನ ಓನರ್ ವಸಂತಾ ಮೇಡಂ ಈ ಕುಕ್ ನಮಗೆ ಬೇಕು ಎಂದು ಬರೆದುಕೊಟ್ಟು ನಾಮಿನೇಟ್ ಮಾಡಲು ಕೊನೆಗೂ ಒಪ್ಪಿದ್ದರು. ವೆಸ್ಟ್‌ಮೀಡ್‌ನ ಮಾಮನ ಫ್ಲ್ಯಾಟಿನಲ್ಲಿ, ಊಟದ ಮೇಜಿನ ಮೇಲೆ ಎಪ್ಪತ್ತು ಚಿಲ್ಲರೆ ಪುಟ ಹರಡಿಕೊಂಡು ನಾನು ಪೆನ್ನು ಹಿಡಿದು ಕೂತಿದ್ದೆ. ಹತ್ತು ವರ್ಷದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಯಾವ ಯಾವ ದೇಶದಲ್ಲಿ ಇದ್ದಿರಿ ಎಂಬ ಪ್ರಶ್ನೆ ಬಂತು.

"ಹಾಂಗ್‌ಕಾಂಗ್ ಬರಿ," ಎಂದರು ಮಾಮ.

ನಾನು ನಕ್ಕೆ. "ಹಾಂಗ್‌ಕಾಂಗ್ ದೇಶ ಅಲ್ಲ ಮಾಮ! ನೈಂಟಿ ಸೆವೆನ್ ಜುಲೈ ಒಂದಕ್ಕೆ ಬ್ರಿಟಿಷರು ಚೀನಾಕ್ಕೆ ಕೊಟ್ಟಾಯ್ತು. ನೀವು ಅಲ್ಲಿ ಇಳಿದದ್ದು ಸೆಪ್ಟೆಂಬರ್‌ನಲ್ಲಿ. ಇದೇ ಪ್ರಶ್ನೆಗೆ ನಂಗೆ ಹೈಸ್ಕೂಲ್ ಕ್ವಿಜ್‌ನಲ್ಲಿ ಪ್ರೈಜ್ ಬಂದದ್ದು ಗೊತ್ತುಂಟಾ?"

"ಅಲ್ಲಿಯವರು ಹಾಗೆ ಹೇಳುವುದಿಲ್ಲ."

"ಅವರು ಹೇಳದಿದ್ರೆ ಮ್ಯಾಪ್ ಬದಲಾಗ್ತದಾ?"

ರಾಜೀವಿ ಮಾಮಿ ಅಡುಗೆಮನೆಯಿಂದಲೇ ಕೂಗಿ ಹೇಳಿದರು, "ಕಲಿತವಳು ಹೇಳ್ತಾಳಲ್ಲ, ನೀವು ಸುಮ್ಮನಿರಿ." ಮಾಮ ಸುಮ್ಮನಾದರು. ನಾನು ದುಂಡಗಿನ ಅಕ್ಷರದಲ್ಲಿ ಚೀನಾ ಎಂದು ಬರೆದೆ. ಹಾಂಗ್‌ಕಾಂಗಿನ ಕೌಲೂನಿನಲ್ಲಿ ಅವರು ದುಡಿದ ಹೋಟೆಲಿನ ವಿಳಾಸದ ಕೆಳಗೂ ಚೀನಾ ಎಂದೇ ಬರೆದೆ. ಕೊನೆಯ ಪುಟದಲ್ಲಿ, ಈ ಅರ್ಜಿ ತುಂಬಲು ಯಾರಾದರೂ ಸಹಾಯ ಮಾಡಿದರೇ ಎಂಬ ಪ್ರಶ್ನೆಯಿತ್ತು. ಹೌದು ಎಂದರೆ ಏಜೆಂಟ್ ಯಾರು, ನಂಬರ್ ಏನು ಎಂದು ಶುರುಮಾಡುತ್ತಾರೆ ಅಂತ ಕಾಲೇಜಿನ ಪ್ರತೀಕ್ ಯಾವಾಗಲೋ ಹೇಳಿದ್ದ. ಇಲ್ಲ ಎಂಬಲ್ಲಿ ಟಿಕ್ ಹಾಕಿದೆ. ನಾನು ಪೆನ್ಸಿಲಿನಿಂದ ಗುರುತು ಮಾಡಿಕೊಟ್ಟಲ್ಲೆಲ್ಲ ಮಾಮ ಸಹಿ ಹಾಕಿದರು.

ಈಗ ಅವರಿಗೆ ನಲವತ್ತೈದು ತುಂಬಿ ಮೂರು ತಿಂಗಳು. ಈ ಅರ್ಜಿ ಬಿದ್ದರೆ ಇನ್ನೊಂದು ಇಲ್ಲ. ಕೆಲಸದ ವೀಸಾ ಜೂನಿಗೆ ಮುಗಿಯುತ್ತದೆ. ಮತ್ತೆ ಸ್ಪಾನ್ಸರ್ ಮಾಡುವುದಿಲ್ಲವೆಂದು ವಸಂತಾ ಮೇಡಂ ಮೊದಲೇ ಹೇಳಿಬಿಟ್ಟಿದ್ದರು. ಹಾಂಗ್‌ಕಾಂಗಿಗೆ ಮರಳುವ ದಾರಿಯೂ ಇರಲಿಲ್ಲ. ಅಲ್ಲಿ ಏಳು ವರ್ಷ ಬಿಡದೆ ಇದ್ದವರಿಗೆ, ಯಾವ ದೇಶದವರೇ ಆಗಲಿ, ಶಾಶ್ವತವಾಗಿ ಇರುವ ಹಕ್ಕು ಸಿಗುತ್ತದೆ. ಚಾಟ್ಸ್‌ವುಡ್‌ನ ಹೋಟೆಲು ಶುರುವಾಗುತ್ತದೆ, ಕೂಡಲೇ ಬನ್ನಿ ಎಂದು ಕರೆದದ್ದಕ್ಕೆ ಮಾಮ ಆರು ವರ್ಷ ಒಂಬತ್ತು ತಿಂಗಳಿಗೆ ಹೊರಟುಬಂದಿದ್ದರು. ಮೂರು ತಿಂಗಳು ಕಾದಿದ್ದರೆ ಅವರಿಗೆ ಒಂದು ಊರಾದರೂ ಇರುತ್ತಿತ್ತು.

ಆಗಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಚೀನಾದ ಸರ್ಟಿಫಿಕೇಟನ್ನೇ ತರಿಸಿಬಿಟ್ಟರೆ ನನ್ನ ತಪ್ಪು ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆ. ಚೀನಾದ ಗ್ವಾಂಗ್‌ಝೌನಿಂದ ಬಂದಿದ್ದ ಕ್ಲಾಸ್‌ಮೇಟಿನ ಕೈಕಾಲು ಹಿಡಿದು, ಇಂಟರ್‌ನೆಟ್ಟಿನಲ್ಲಿ ಸಿಕ್ಕ ಶೆನ್‌ಜೆನ್‌ನ ಒಂದು ನೋಟರಿ ಆಫೀಸಿಗೆ ಚೀನೀ ಭಾಷೆಯಲ್ಲಿ ಈಮೇಲ್ ಬರೆಸಿದೆ. ದಿನಕ್ಕೆ ಎರಡು ಸಲ ಮಾಮ ಕೇಳುತ್ತಿದ್ದರು, "ಎಂತ ಆಯ್ತು?" ನಾನು "ಆಗ್ತಾ ಉಂಟು" ಎನ್ನುತ್ತಿದ್ದೆ. ಒಂಬತ್ತನೇ ದಿನ ಉತ್ತರ ಬಂತು. ಕ್ಲಾಸ್‌ಮೇಟ್ ಓದಿ, ನನ್ನ ಮುಖ ನೋಡಿ, ಮತ್ತೊಮ್ಮೆ ಓದಿದಳು. ಅವರು ಬರೆದದ್ದು ಇಷ್ಟು: ಈ ಮನುಷ್ಯ ಚೀನಾದ ಯಾವ ಊರಿನ, ಯಾವ ಪೊಲೀಸ್ ಠಾಣೆಯಲ್ಲಿ ನೋಂದಾಯಿತನಾಗಿದ್ದ? ನೋಂದಾಯಿತನಲ್ಲದಿದ್ದರೆ ಅವನ ಬಗ್ಗೆ ಹೇಳಲು ನಮ್ಮಲ್ಲಿ ಏನೂ ಇಲ್ಲ.

ಮರುದಿನ ಬೆಳಿಗ್ಗೆಯೇ ಸಿಡ್ನಿ ಬಸ್ಸು ಹತ್ತಿದೆ. ಹನ್ನೆರಡು ಗಂಟೆಯ ದಾರಿ. ದಾರಿಯುದ್ದಕ್ಕೂ ವಾಕ್ಯಗಳನ್ನು ಫೋನಿನಲ್ಲಿ ಟೈಪ್ ಮಾಡಿ, ಅಳಿಸಿ, ಮತ್ತೆ ಟೈಪ್ ಮಾಡಿದೆ. ಫ್ಲ್ಯಾಟಿನ ಬಾಗಿಲು ತೆರೆದಾಗ ಒಂದೂ ನೆನಪಾಗಲಿಲ್ಲ.

"ಮಾಮ, ನಾನು ತಪ್ಪು ಬರೆದೆ," ಎಂದೆ. ಅತ್ತುಬಿಟ್ಟೆ.

ಪೂರ್ತಿ ಕೇಳಿದ ಮೇಲೆ ಮಾಮ ಬೈಯಲಿಲ್ಲ. ಗೋಡೆ ನೋಡುತ್ತಾ ಮಾತಾಡಿದರು.

"ಕೌಲೂನ್‌ನಲ್ಲಿ ಟ್ರೈನ್ ಹತ್ತಿದ್ರೆ ಮುಕ್ಕಾಲು ಗಂಟೆಗೆ ಲೊವೂ ಸ್ಟೇಷನ್. ಅಲ್ಲಿ ಒಂದು ಸಣ್ಣ ಹೊಳೆ ಉಂಟು, ಆಚೆ ಚೀನಾ. ಶೆನ್‌ಜೆನ್‌ನ ಬಿಲ್ಡಿಂಗ್ ಕಾಣ್ತದೆ. ನಮ್ಮ ಜೊತೆ ಪಾತ್ರೆ ತೊಳೆಯುವ ಚೀನೀ ಮುದುಕಿ ಆದಿತ್ಯವಾರ ಅಲ್ಲಿಗೆ ತರಕಾರಿ ತರ್ಲಿಕ್ಕೆ ಹೋಗುವುದು. ನಂಗೆ ಹೋಗ್ಲಿಕ್ಕಿಲ್ಲ, ವೀಸಾ ಬೇಕು. ಅವರ ದುಡ್ಡು ಬೇರೆ, ಇವರ ದುಡ್ಡು ಬೇರೆ. ಪೊಲೀಸ್ ಬೇರೆ, ಕೋರ್ಟು ಬೇರೆ, ಭಾಷೆ ಸಹ ಬೇರೆ. ಆಟಕ್ಕೆ ತಂಡ ಕಳಿಸುವುದೂ ಬೇರೆಯೇ. ಬಾವುಟ ಮಾತ್ರ ಎರಡು ಹಾರಿಸ್ತಾರೆ, ಅವರದ್ದೊಂದು, ಇವರದ್ದೊಂದು. ಏಳು ವರ್ಷ ಹತ್ತಿರ ಇದ್ದೆ ನಿಶ್ಮಿ. ಒಂದು ದಿನ ಆ ಹೊಳೆ ದಾಟಿದವ ಅಲ್ಲ. ನೀನು ನನ್ನನ್ನು ಏಳು ವರ್ಷ ಆಚೆ ಕೂರಿಸಿದಿ."

ಎಂಟು ವರ್ಷದ ನಿರೀಕ್ಷಾ ಸೋಫಾದಿಂದ ತಲೆಯೆತ್ತಿ, "ಐ ವಾಸ್ ಬಾರ್ನ್ ಇನ್ ಹಾಂಗ್‌ಕಾಂಗ್. ಎವ್ರಿಬಡಿ ನೋಸ್ ದಟ್," ಎಂದಳು.

"ಬಾಯಿ ಮುಚ್ಚು ನೀನು," ಎಂದರು ಮಾಮಿ. ಆಮೇಲೆ ನನ್ನ ಕಡೆ ತಿರುಗಿ, "ಅಳುವುದು ಆಮೇಲೆ. ಇನ್ನೆಷ್ಟು ದಿವಸ ಉಂಟು?" ಎಂದು ಕೇಳಿದರು.

ಹತ್ತೊಂಬತ್ತು ದಿನ ಉಳಿದಿತ್ತು.

ಮರುದಿನ ಚೀನಾದ ಕಾನ್ಸುಲೇಟಿಗೆ ಹೋದೆವು. ಕಿಟಕಿಯಾಚೆಯ ಹೆಂಗಸು ಮಾಮನ ಹಳೆಯ ಹಾಂಗ್‌ಕಾಂಗ್ ಐಡಿ ಕಾರ್ಡನ್ನು ನೋಡಿ ಮೆತ್ತಗೆ ವಿವರಿಸಿದರು: ಇದನ್ನು ನಾವು ಕೊಡಲಾಗುವುದಿಲ್ಲ, ಹಾಂಗ್‌ಕಾಂಗ್ ಪೊಲೀಸರೇ ಕೊಡಬೇಕು. ಅದಕ್ಕೆ ಎರಡು ವಸ್ತು ಬೇಕು. ಹತ್ತು ಬೆರಳಿನ ಗುರುತು, ಮತ್ತು ಈ ಸರ್ಟಿಫಿಕೇಟ್ ನಮಗೆ ಬೇಕು ಎಂದು ಹಾಂಗ್‌ಕಾಂಗಿನ ಹೆಸರು ಹಾಕಿ ಆಸ್ಟ್ರೇಲಿಯದ ಇಮಿಗ್ರೇಶನ್ ಬರೆದ ಪತ್ರ. ನಮ್ಮ ಕೈಯಲ್ಲಿದ್ದ ಪತ್ರದಲ್ಲಿ ಚೀನಾದ ಹೆಸರಿತ್ತು.

"ಹಾಗಾದ್ರೆ ಈಗಲೇ ಇಮಿಗ್ರೇಶನ್‌ಗೆ ಫೋನ್ ಮಾಡು," ಎಂದರು ಮಾಮಿ.

"ಮೊದಲು ಬೆರಳು ಕೊಡುವ ಮಾಮಿ. ಎಲ್ಲ ರೆಡಿ ಮಾಡಿ ಒಂದೇ ಸಲ ಹೇಳುವ. ಆಗ ಅವರಿಗೂ ಕೋಪ ಬರುವುದಿಲ್ಲ," ಎಂದೆ. ಅದು ಉಪಾಯವಲ್ಲ, ಹೆದರಿಕೆ.

ಶುಕ್ರವಾರ ಪೊಲೀಸ್ ಸ್ಟೇಷನ್ನಿನಲ್ಲಿ ಕಾನ್‌ಸ್ಟೇಬಲ್ ಹುಡುಗಿಯೊಬ್ಬಳು ಮಾಮನ ಬೆರಳುಗಳನ್ನು ಒಂದೊಂದಾಗಿ ಶಾಯಿಗೆ ಒತ್ತಿ, ಕಾಗದದ ಮೇಲೆ ಉರುಳಿಸಿದಳು. ಹತ್ತು ಮಚ್ಚೆಗಳು ಮೂಡಿದವು. ಗೆರೆ ಒಂದೂ ಇರಲಿಲ್ಲ. ಇನ್ನೊಂದು ಕಾಗದ ತಂದಳು. ಶಾಯಿ ಕಡಿಮೆ ಮಾಡಿದಳು. ಮತ್ತೆ ಅದೇ ಮಚ್ಚೆ. ಮಾಮನ ಬೆರಳಿನ ತುದಿಯನ್ನು ತನ್ನ ಹೆಬ್ಬೆರಳಿನಿಂದ ಸವರಿ ನೋಡಿ, ಏನು ಕೆಲಸ ಮಾಡುತ್ತೀರಿ ಎಂದು ಕೇಳಿದಳು.

"ದೋಸಾ," ಎಂದರು ಮಾಮ.

ಇಪ್ಪತ್ತೈದು ವರ್ಷ. ಅವರು ಕಾವಲಿ ಕಾದಿದೆಯೇ ಎಂದು ಬೆರಳು ತಾಗಿಸಿಯೇ ನೋಡುವವರು. ಸಟ್ಟುಗ ಬರಿಯ ಅಂಚು ಎಬ್ಬಿಸಲಿಕ್ಕೆ, ಆಮೇಲೆ ಎಳೆದು ಮಡಚುವುದೆಲ್ಲ ಬೆರಳಲ್ಲೇ. ಕೊನೆಗೆ ಕಾವಲಿ ತಿಕ್ಕುವ ಚರ್ಮ ಸುಡುವ ಲಿಕ್ವಿಡ್ಡಿಗೂ ಗ್ಲೌಸ್ ಹಾಕಿದವರಲ್ಲ. ಬೇರೆ ಕುಕ್‌ಗಳು ಬಂದು ಮುಟ್ಟಿ ನೋಡಿ, ಕರುಣಾಕರಣ್ಣನ ಕೈ ಕಲ್ಲು ಎನ್ನುತ್ತಿದ್ದರು. ಮಾಮನಿಗೆ ಅದೊಂದು ಹೆಮ್ಮೆ.

ಎರಡು ವಾರ ಬಿಸಿ ಬೇಡ, ಸೋಪು ಬೇಡ, ಚರ್ಮ ತಿರುಗಿ ಬರುತ್ತದೆ, ಆಮೇಲೆ ನೋಡೋಣ ಎಂದಳು ಕಾನ್‌ಸ್ಟೇಬಲ್.

ಅಲ್ಲಿಂದ ನೇರ ಹೋಟೆಲಿಗೆ ಹೋದೆವು. ವಸಂತಾ ಮೇಡಂ ಕೌಂಟರಿನ ಹಿಂದೆ ಕೂತು ಬುಕಿಂಗ್ ಬರೆದುಕೊಳ್ಳುತ್ತಿದ್ದರು.

"ಎರಡು ವಾರನಾ?" ಪೆನ್ನು ಕೆಳಗಿಟ್ಟರು. "ರೀ ಕರುಣಾಕರ್, ನನ್ನ ಹೋಟ್ಲಿಗೆ ಈ ಕುಕ್ ಇಲ್ದಿದ್ರೆ ಆಗಲ್ಲ ಅಂತ ಬರೆದುಕೊಟ್ಟು ನಿಮ್ಮನ್ನ ನಾಮಿನೇಟ್ ಮಾಡಿರೋದು ನಾನು. ನೀವಿಲ್ದೆ ಎರಡು ವಾರ ನಡೀತು ಅಂದ್ರೆ ಅವ್ರು ನನ್ನನ್ನ ಕೇಳಲ್ವಾ, ಮತ್ಯಾಕಮ್ಮ ನಿಂಗೆ ಆ ಕುಕ್ಕು ಅಂತ?"

ಹಿಂದೆ ನಿಂತಿದ್ದ ಮಾಮಿ ಮುಂದೆ ಬಂದರು.

"ನಾನು ಹಾಕ್ತೇನೆ ಮೇಡಂ."

"ನೀನಾ?" ಎಂದರು ಮಾಮ. "ಮನೆಯಲ್ಲಿ ನಾಲ್ಕು ಉದ್ದಿನ ದೋಸೆ ಹೊಯ್ದ ಹಾಗಲ್ಲ. ಆ ಕಾವಲಿ ನಾಲ್ಕು ಅಡಿ ಉಂಟು."

"ನಾಲ್ಕು ಅಡಿ ಇರ್ಲಿ, ನಲವತ್ತು ಅಡಿ ಇರ್ಲಿ. ನೀವು ಕೈ ಕಿಸೆಯಲ್ಲಿಡಿ."

ವಸಂತಾ ಮೇಡಂ ಇಬ್ಬರನ್ನೂ ನೋಡಿದರು. "ದೋಸೆ ವಾಪಸ್ ಬಂದ್ರೆ ಅವತ್ತೇ ಕರುಣಾಕರ್ ಕಾವಲಿ ಮುಂದೆ ಇರ್ಬೇಕು. ಬೆರಳೋ ಗಿರಳೋ, ನಂಗೆ ಗೊತ್ತಿಲ್ಲ."

ಮೊದಲ ದಿನ ಹನ್ನೊಂದು ದೋಸೆ ಹರಿದವು. ಮಾಮಿ ಹರಿದದ್ದನ್ನು ಬೇಸಿನ್ನಿಗೆ ಎಸೆದು, ಯಾರ ಮುಖವನ್ನೂ ನೋಡದೆ ಮುಂದಿನದು ಹೊಯ್ಯುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಈರುಳ್ಳಿ ಹೆಚ್ಚಿದೆ, ಪ್ಲೇಟು ಜೋಡಿಸಿದೆ. ಹಾಜರಿ ಇಲ್ಲವೆಂದು ಕಾಲೇಜಿನಿಂದ ಎರಡು ವಾರ್ನಿಂಗ್ ಈಮೇಲ್ ಬಂದವು. ಓದಿ ಮುಚ್ಚಿದೆ. ಮನೆಯಲ್ಲಿ ಮಾಮ ಬೆರಳುಗಳಿಗೆ ತೆಂಗಿನೆಣ್ಣೆ ಹಚ್ಚಿ, ಹತ್ತಿಯ ಗ್ಲೌಸ್ ಹಾಕಿಕೊಂಡು ಕೂತಿರುತ್ತಿದ್ದರು. ಗಳಿಗೆಗೊಮ್ಮೆ ಗ್ಲೌಸ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಿರೀಕ್ಷಾ ಭೂತಕನ್ನಡಿ ತಂದು, "ಐ ಸೀ ಒನ್ ಲೈನ್ ಅಪ್ಪ!" ಎಂದರೆ ಅವರ ಮುಖ ಅರಳುತ್ತಿತ್ತು. ಚಹಾದ ಲೋಟ ಕೂಡ ಅವರು ಮುಟ್ಟುತ್ತಿರಲಿಲ್ಲ, ಆರಿದ ಮೇಲೆ ಸ್ಟ್ರಾ ಹಾಕಿ ಕುಡಿಯುತ್ತಿದ್ದರು. ನಗು ಬರಬೇಕಾದ ದೃಶ್ಯ. ಯಾರೂ ನಗಲಿಲ್ಲ.

ಎರಡು ವಾರಕ್ಕೆ ಎರಡು ದಿನ ಕಡಿಮೆಯಿರುವಾಗಲೇ, ಮಾರ್ಚ್ ಇಪ್ಪತ್ತೆಂಟಕ್ಕೆ, ಮತ್ತೆ ಸ್ಟೇಷನ್ನಿಗೆ ಹೋದೆವು. ಅದೇ ಹುಡುಗಿ. ಮೊದಲ ಬೆರಳು ಉರುಳಿಸಿ ಎತ್ತಿದಾಗ ಕಾಗದದ ಮೇಲೆ ಸಣ್ಣ ಸಣ್ಣ ಗೆರೆಗಳು ಸುತ್ತಿಕೊಂಡಿದ್ದವು. ಎಂಟು ಬೆರಳು ಚೆನ್ನಾಗಿ ಬಂದವು. ಎರಡು ಹೆಬ್ಬೆರಳು ಮಸುಕಾಗಿ ಬಂದವು. ಇಷ್ಟು ಸಾಕಾಗಬಹುದು, ಸಾಕಾಗದಿದ್ದರೆ ಅವರು ಮತ್ತೆ ಕೇಳುತ್ತಾರೆ ಎಂದಳು.

ಇನ್ನು ಬೇಕಾದದ್ದು ಹಾಂಗ್‌ಕಾಂಗಿನ ಹೆಸರಿರುವ ಪತ್ರ. ಅದಕ್ಕೆ ಇಮಿಗ್ರೇಶನ್‌ನಲ್ಲಿ ಮಾಮನ ಅರ್ಜಿ ನೋಡುತ್ತಿದ್ದ ಕೇಸ್ ಆಫೀಸರ್‌ಗೆ ನಿಜ ಹೇಳಲೇಬೇಕಿತ್ತು. ಎರಡು ದಿನ ಅವರ ಫೋನ್ ಬರಿಯ ವಾಯ್ಸ್ ಮೆಸೇಜಿಗೆ ಹೋಯಿತು. ಶುಕ್ರವಾರ ಮಧ್ಯಾಹ್ನ, ಹೋಟೆಲಿನ ಹಿಂಬದಿಯ ಓಣಿಯಲ್ಲಿ, ಕಸದ ಡಬ್ಬಗಳ ನಡುವೆ ನಿಂತು ಒಂಬತ್ತನೇ ಸಲ ಡಯಲ್ ಮಾಡಿದಾಗ ಸಿಕ್ಕರು. ಸೋಮವಾರ ಇಪ್ಪತ್ತೆಂಟು ದಿನ ಮುಗಿಯುತ್ತಿತ್ತು.

ಡಯಲ್ ಮಾಡುವ ಮೊದಲೇ ಮಾಮ ಹೇಳಿದ್ದರು, "ಕೇಳು. ಬರೆದದ್ದು ನಾನೇ ಅಂತ ಹೇಳ್ತೇನೆ. ನಿನ್ನ ಹೆಸರು ತೆಗೀಬೇಡ. ನಿನ್ನ ಓದು ಮುಗಿದು ನಿನ್ನದೂ ಪಿಆರ್ ಅರ್ಜಿ ಹೋಗ್ಲಿಕ್ಕುಂಟು. ಸುಳ್ಳು ಬರೆದವಳು ಅಂತ ಅವರ ಕಂಪ್ಯೂಟರಲ್ಲಿ ಬಿದ್ರೆ ಮತ್ತೆ ಎಲ್ಲಿಗೆ ಹೋಗ್ತಿ? ಅಕ್ಕನಿಗೆ ನಾನು ಎಂತ ಹೇಳ್ಲಿ?"

ಫೋನನ್ನು ಸ್ಪೀಕರಿನಲ್ಲಿಟ್ಟೆವು. ಆಫೀಸರ್ ಹೆಂಗಸಿನ ದನಿ ಒರಟಾಗಿರಲಿಲ್ಲ, ಆದರೆ ಒಂದೊಂದೇ ಪ್ರಶ್ನೆ ಮೊಳೆ ಹೊಡೆದ ಹಾಗೆ ಬರುತ್ತಿತ್ತು. ಅರ್ಜಿಯಲ್ಲಿ ಚೀನಾ ಎಂದಿದೆ, ಈಗ ಹಾಂಗ್‌ಕಾಂಗ್ ಎನ್ನುತ್ತೀರಿ. ನಮ್ಮ ಪಟ್ಟಿಯಲ್ಲಿ ಅವೆರಡು ಬೇರೆ ಬೇರೆ. ಯಾವುದು ನಿಜ?

"ಹಾಂಗ್‌ಕಾಂಗ್ ಮೇಡಂ. ಓನ್ಲಿ ಹಾಂಗ್‌ಕಾಂಗ್. ಮೈ ಮಿಸ್ಟೇಕ್."

ಅರ್ಜಿ ನೀವೇ ತುಂಬಿದಿರಾ?

"ಯೆಸ್ ಮೇಡಂ."

ಇಂಗ್ಲಿಷಿನಲ್ಲಿ ನೀವೇ?

ಮಾಮ ನನ್ನ ಮುಖ ನೋಡಿದರು. "ಯೆಸ್."

ಆ ಕಡೆ ಕಾಗದ ಮಗುಚುವ ಸದ್ದು ಕೇಳಿತು. ಮಿಸ್ಟರ್ ಕರುಣಾಕರ, ಇಲ್ಲಿ ಎರಡು ಕೈಬರಹ ಇದೆ, ಸಹಿ ಒಬ್ಬರದು, ಉಳಿದದ್ದು ಇನ್ನೊಬ್ಬರದು ಅನ್ನಿಸುತ್ತಿದೆ. ಇನ್ನೊಮ್ಮೆ ಕೇಳುತ್ತೇನೆ.

ಮಾಮನ ಬಾಯಿ ತೆರೆದೇ ಇತ್ತು. ಅವರು ಮೂರನೇ ಸಲ ಯೆಸ್ ಅಂದರೆ ಮುಗಿಯಿತು ಎಂದು ನನಗೆ ಗೊತ್ತಾಯಿತು. ನನ್ನ ದುಂಡಗಿನ ಅಕ್ಷರ ಆಫೀಸರ್ ಕಣ್ಣ ಮುಂದೆಯೇ ಇತ್ತು. ಫೋನನ್ನು ಮಾಮನ ಕೈಯಿಂದ ಕಿತ್ತುಕೊಂಡೆ.

"ನಾನು ಬರೆದದ್ದು," ಎಂದೆ ಇಂಗ್ಲಿಷಿನಲ್ಲಿ. "ಚೀನಾ ಅಂತ ಬರೆದದ್ದೂ ನಾನು. ಯಾರೂ ಸಹಾಯ ಮಾಡಿಲ್ಲ ಅಂತ ಟಿಕ್ ಹಾಕಿದ್ದೂ ನಾನು. ಅವರಿಗೆ ಆ ಪ್ರಶ್ನೆ ಓದಿ ಕೂಡ ಹೇಳಿಲ್ಲ."

ಆಫೀಸರ್ ನನ್ನ ಹೆಸರು, ಹುಟ್ಟಿದ ದಿನ, ವೀಸಾ ನಂಬರ್ ಕೇಳಿದರು. ಮೂರನ್ನೂ ಹೇಳಿದೆ. ಇದನ್ನು ಬರೆದು, ಸಾಕ್ಷಿಯ ಮುಂದೆ ಪ್ರಮಾಣ ಮಾಡಿ, ಇವತ್ತು ಐದರೊಳಗೆ ಫ್ಯಾಕ್ಸ್ ಮಾಡಿ. ಬಂದರೆ ನೋಡುತ್ತೇನೆ, ಬರದಿದ್ದರೆ ಸೋಮವಾರ ಈಗಿರುವ ಕಾಗದದ ಮೇಲೆಯೇ ತೀರ್ಮಾನ ಮಾಡಬೇಕಾಗುತ್ತದೆ ಎಂದರು.

ಫೋನ್ ಕಟ್ಟಾದಾಗ ಮೂರೂ ಹತ್ತು.

"ನಿನ್ನದೂ ಹೋಯ್ತಲ್ಲ ಮಾರಾಯ್ತಿ!" ಮಾಮ ಕಿರುಚಿದರು. ಅವರು ನನ್ನ ಮೇಲೆ ಕಿರುಚಿದ್ದು ಅದೇ ಮೊದಲು. "ಒಬ್ಬನದ್ದು ಹೋಗುವಲ್ಲಿ ಇಬ್ಬರದ್ದು ಹೋಯ್ತು!"

ಚಾಟ್ಸ್‌ವುಡ್ ಲೈಬ್ರರಿಗೆ ಓಡಿದೆವು. ಅಲ್ಲಿ ಜೆಪಿ ಎಂದು ಬೋರ್ಡಿಟ್ಟುಕೊಂಡು ಕಾಗದಗಳಿಗೆ ಸಾಕ್ಷಿ ಹಾಕುವ ಮುದುಕರೊಬ್ಬರು ಕೂರುತ್ತಿದ್ದರು. ಸರದಿಯಲ್ಲಿ ಆರು ಜನರಿದ್ದರು. ನಿಂತಲ್ಲೇ ಗೋಡೆಗೆ ಒತ್ತಿ ಬರೆದೆ. ಒಂದು ಹಾಳೆ ಕೆಟ್ಟಿತು. ಎರಡನೆಯದು ಮುಗಿದಾಗ ನಾಲ್ಕೂ ಹತ್ತು. ಮುದುಕರು ಕನ್ನಡಕ ಏರಿಸಿ ನಿಧಾನ, ಬಹಳ ನಿಧಾನವಾಗಿ ಓದಿದರು. ಬರೆದದ್ದು ನಿಜವೆಂದು ಪ್ರಮಾಣ ಮಾಡುತ್ತೀಯಾ ಎಂದು ಕೇಳಿದರು. ಮಾಡುತ್ತೇನೆ ಎಂದೆ. ನನ್ನ ಪಕ್ಕದಲ್ಲಿ ಮಾಮ ನೆಲ ನೋಡುತ್ತಿದ್ದರು.

ಪೇಪರ್ ಅಂಗಡಿಯ ಫ್ಯಾಕ್ಸು ಎರಡು ಸಲ ಬ್ಯುಸಿ ಎಂದಿತು. ಮೂರನೇ ಸಲಕ್ಕೆ ಹಾಳೆ ಮೆಲ್ಲಗೆ ಒಳಗೆ ಹೋಯಿತು. ನಾಲ್ಕೂ ನಲವತ್ತು.

ಐದಕ್ಕೆ ನಾಲ್ಕು ನಿಮಿಷವಿದ್ದಾಗ ಆಫೀಸರ್ ತಾವೇ ಫೋನ್ ಮಾಡಿದರು. ಫ್ಯಾಕ್ಸ್ ಸಿಕ್ಕಿದೆ. ಸೋಮವಾರ ಹಾಂಗ್‌ಕಾಂಗಿನ ಹೆಸರು ಹಾಕಿ ಹೊಸ ಪತ್ರ ಕಳಿಸುತ್ತಾರೆ. ಇನ್ನೊಂದು ಇಪ್ಪತ್ತೆಂಟು ದಿನ, ಅದರಾಚೆಗೆ ಇಲ್ಲ. ನನ್ನ ಪ್ರಮಾಣಪತ್ರ ಮಾಮನ ಫೈಲಿನಲ್ಲೂ ಇರುತ್ತದೆ, ನನ್ನ ಫೈಲಿನಲ್ಲೂ ಇರುತ್ತದೆ. ಅದಕ್ಕೆ ಯಾವ ಬೆಲೆ ಬರುತ್ತದೆ ಎಂದು ಈಗಲೇ ಹೇಳಲಾಗದು.

"ಒಂದು ತಿಂಗಳು ಕೊಟ್ರು," ಎಂದೆ.

ಮಾಮ ಅಂಗಡಿಯ ಮೆಟ್ಟಿಲಿನ ಮೇಲೆ ಕುಕ್ಕರಿಸಿದರು. ಹೆಬ್ಬೆರಳಿನ ಗುರುತು ಸಾಲದು ಎಂದು ಹಾಂಗ್‌ಕಾಂಗಿನವರು ಹೇಳಿದರೆ ಮತ್ತೆ ಬೆರಳು ಕೊಡಬೇಕು. ಆದ್ದರಿಂದ ಆ ತಿಂಗಳೂ ಅವರು ಕಾವಲಿ ಮುಟ್ಟುವಂತಿರಲಿಲ್ಲ. ಅದು ಹೊಳೆದದ್ದೇ ಗ್ಲೌಸ್ ಹಾಕಿದ ಕೈಯಲ್ಲೇ ಫೋನ್ ತೆಗೆದು ವಸಂತಾ ಮೇಡಂಗೆ ಕಾಲ್ ಮಾಡಿದರು.

"ಮೇಡಂ, ಇನ್ನೊಂದು ತಿಂಗಳು ಬೇಕಾಗ್ತದೆ... ಹೌದು... ಗೊತ್ತು ಮೇಡಂ, ಗೊತ್ತು..." ಆಮೇಲೆ ಬರಿಯ ಹೂಂಗುಟ್ಟಿದರು. ಕೊನೆಗೆ ಫೋನ್ ಕೆಳಗಿಳಿಸಿ ಅದನ್ನೇ ನೋಡಿದರು.

"ಎಂತ ಹೇಳಿದ್ರು ಮಾಮ? ಬೈದ್ರಾ?"

"ಇಲ್ಲ. ಇವತ್ತು ಮಧ್ಯಾಹ್ನ ರಾಜೀವಿ ನೂರ ಮೂವತ್ತು ದೋಸೆ ಹಾಕಿದ್ಲಂತೆ. ಒಂದೂ ವಾಪಸ್ ಬರ್ಲಿಲ್ಲ ಅಂತೆ."

"ಮತ್ತೆ?"

"ನಿಧಾನಕ್ಕೆ ಬನ್ನಿ, ಅರ್ಜೆಂಟಿಲ್ಲ ಅಂದ್ರು."

ಈ ಕುಕ್ ಇಲ್ಲದಿದ್ದರೆ ಆಗುವುದಿಲ್ಲ ಎಂದು ಬರೆದುಕೊಟ್ಟವರೇ ಹೀಗೆ ಅಂದದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವವರಂತೆ ಮಾಮ ನನ್ನ ಮುಖ ನೋಡಿದರು. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಮಾಮ ಎಂದೆ.